ಹತ್ತಕ್ಕೆ ಆರು

ಚಾಚಿದ ಕೈಯ ಬೆರಳೂ ಕಾಣದಂತೆ ಮಂಜು ಕವಿದಿದ್ದ ಆ ಬೆಳಿಗ್ಗೆ, ತಮ್ಮನು ಬಾಟಲಿಗಳ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಪಾದದಿಂದಲೇ ತಡವುತ್ತ ಅಣ್ಣನ ಮನೆಯ ಮೆಟ್ಟಿಲು ಹತ್ತುತ್ತಿದ್ದ. ಒಳಗೆ ಮುಂದಿನ ಕೋಣೆಯಲ್ಲಿ ಅಣ್ಣನ ಹೆಣವಿತ್ತು.

ಬಿಯರ್ ಕಾರ್ಖಾನೆಯಲ್ಲಿ ರುಚಿ ನೋಡಿ ಅಂಕ ಕೊಡುವುದು ಅಣ್ಣನ ಕಸುಬು. ಊರಿನವರ ಬಾಯಲ್ಲಿ ಅವನು ಮೂಗಣ್ಣ. ತಮ್ಮನಿಗೆ ಹಿಡಿದದ್ದು ಬ್ರೌನ್ ಏಲಿನ ಹುಚ್ಚು. ಇಂಗ್ಲೆಂಡಿನ ಹಳೇ ಪದ್ಧತಿಯ ಆ ಕಂದು ಬಿಯರನ್ನು ಹಿತ್ತಿಲ ಶೆಡ್ಡಿನಲ್ಲಿ ತಾನೇ ಕಾಯಿಸಿ, ಹುಳಿಬರಿಸಿ ಅಣ್ಣನ ಮುಂದಿಡುತ್ತಿದ್ದ. ಮದುವೆ, ಮನೆ, ಇದ್ದಬದ್ದದ್ದೆಲ್ಲ ಆ ಹಂಡೆಯ ಕೆಳಗೆ ಸೌದೆಯಾಗಿ ಉರಿದುಹೋಗಿತ್ತು.

"ಪೆಟ್ಟಿಗೆ ಯಾಕೋ ತಂದೆ? ಸತ್ತ ಮೇಲೂ ಅವನನ್ನ ಅಂಕ ಕೇಳ್ತೀಯಾ?" ಎಂದ ನೊರೆಮಾವ. ಕಾರ್ಖಾನೆಯಲ್ಲಿ ಅಣ್ಣನ ಪಕ್ಕದಲ್ಲೇ ಕೂತು ರುಚಿ ನೋಡಿದವನು ಅವನು.

"ಬಂದವರಿಗೆ ಒಂದೊಂದು ಲೋಟ ಕೊಡೋಣ ಅಂತ, ಮಾವ. ಅಣ್ಣ ತಿದ್ದಿದ ಏಲಲ್ವಾ."

"ಅಮೃತ ಕೊಟ್ರೂ ಆರೇ ಹಾಕೋ ಭೂಪ ನಿಮ್ಮಣ್ಣ!"

ಎದ್ದ ನಗು ಹೆಣವನ್ನು ಕಂಡು ಅಲ್ಲೇ ಅಡಗಿತು. ನೊರೆಮಾವ ಒಂದು ಗುಟುಕು ಕುಡಿದು ಲೋಟವನ್ನು ಕಿಟಕಿಯಲ್ಲಿಟ್ಟ. ಮತ್ತೆ ಮುಟ್ಟಲಿಲ್ಲ.

*

ಅಂಕ ಕೊಡುವುದೆಂದರೆ ಅಣ್ಣನಿಗೆ ಪೂಜೆ. ಮೊದಲು ತನ್ನ ಅಂಗಿಯ ತೋಳನ್ನೇ ಮೂಸುವನು. ಹಾಗೆ ಮಾಡಿದರೆ ಹಿಂದಿನ ವಾಸನೆಯೆಲ್ಲ ಮೂಗಿನಿಂದ ತೊಳೆದುಹೋಗುತ್ತದೆಂಬುದು ರುಚಿಗಾರರ ರೂಢಿ. ಲೋಟವನ್ನು ಬೆಳಕಿಗೆ ಹಿಡಿದು, ಮೂಸಿ, ಗುಟುಕರಿಸಿ, ಕಣ್ಣು ಮುಚ್ಚುವನು.

"ಹುರಿದ ಬೀಜದ ಘಮ, ಬ್ರೆಡ್ಡಿನ ಅಂಚಿನ ಸಿಹಿ. ಎಂಟು ಕಣೋ!" ಎಂದಿದ್ದ, ಮೊದಮೊದಲು.

ದೊಡ್ಡ ಜ್ವರ ಬಂದು ಎದ್ದ ಮೇಲೆ ಆ ಎಂಟು ಮತ್ತೆ ಬರಲಿಲ್ಲ.

"ಆರು."

"ಏನು ಕಮ್ಮಿ ಅಣ್ಣ?"

"ಮಾಲ್ಟ್ ಇನ್ನೊಂಚೂರು ಹುರಿ."

ತಮ್ಮ ಆ ಮೊಳಕೆ ಬಾರ್ಲಿಯನ್ನು ಇನ್ನಷ್ಟು ಹುರಿದ. ಆರು. ಇನ್ನೂ ಹುರಿದ. ಆರು. ತನ್ನ ನಾಲಿಗೆ ಬೇಡವೆನ್ನುತ್ತಿತ್ತು. ಅಣ್ಣನ ನಾಲಿಗೆಯ ಮುಂದೆ ಅದು ಯಾವ ಲೆಕ್ಕ? ಗರ್ಭಗುಡಿಯಿಂದ ಹೊರಡುವವನ ಹಾಗೆ ಬೆನ್ನು ತೋರಿಸದೆ ಹಿಂದೆ ಸರಿದು ಹೋಗುತ್ತಿದ್ದ.

*

ಮಣ್ಣು ಮಾಡಿ ಬಂದವರೆಲ್ಲ ಚದುರಿದ ಮೇಲೆ, ಅತ್ತಿಗೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಮುಕ್ಕಾಲುಪಾಲು ಲೋಟಗಳು ತುಂಬಿದಂತೆಯೇ ಇದ್ದವು.

"ನಾಳೆ ಹಂಡೆ ಇಡ್ತೀನಿ ಅತ್ತಿಗೆ. ಇನ್ನೊಂಚೂರು ಹುರಿ ಅಂದಿದ್ದ. ಅವನ ಕೊನೇ ಮಾತು, ನಡೆಸಿಕೊಡ್ಬೇಕು."

ಅತ್ತಿಗೆಯ ಕೈ ನೀರಿನೊಳಗೇ ನಿಂತಿತು.

"ಬೇಡಪ್ಪಾ. ಇನ್ನು ಹುರೀಬೇಡ."

"ಯಾಕೆ?"

"ನಿಮ್ಮಣ್ಣನಿಗೆ ವಾಸನೇನೇ ಬರ್ತಿರ್ಲಿಲ್ಲ. ಆ ಜ್ವರದಲ್ಲೇ ಹೋಯ್ತು. ಪಕ್ಕದಲ್ಲಿ ಹಾಲು ಹೊತ್ತಿ ಕರಕಲಾದ್ರೂ ಪೇಪರ್ ಓದ್ತಾ ಕೂತಿದ್ರು. ಕೆಲಸ ಹೋಗುತ್ತೆ, ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು. ಕಾರ್ಖಾನೇಲಿ ನೊರೆಮಾವನ ಮುಖ ನೋಡಿ ಅಂಕ ಹಾಕೋರು. ನಿನ್ನ ಏಲಿಗೆ ಯಾರ ಮುಖ ನೋಡೋದು?"

"ಮತ್ತೆ... ಆರು?"

"ಜಾಸ್ತಿ ಕೊಟ್ರೆ ಸುಳ್ಳು, ಕಮ್ಮಿ ಕೊಟ್ರೆ ನೀನು ನೊಂದ್ಕೋತೀಯ. ಅತ್ತ ದರಿ, ಇತ್ತ ಪುಲಿ."

ತಮ್ಮ ಸ್ಟೂಲ್ ಎಳೆದುಕೊಂಡು ಕೂತ. ಕೊಟ್ಟವನೇ ಕಿತ್ತುಕೊಂಡ ಮೇಲೆ ದೂರು ಯಾರಲ್ಲಿ ಹೇಳುವುದು? ಆಮೇಲೆ ಎದ್ದು, ಹೊಸ ಬಾಟಲಿ ತೆರೆದು ಲೋಟಕ್ಕೆ ಬಗ್ಗಿಸಿದ.

"ನಿಮ್ಮ ಮೂಗು ನೆಟ್ಟಗಿದೆಯಲ್ಲ. ನೀವಾದ್ರೂ ಹೇಳಿ."

"ಇವತ್ತು ಬೇಡಪ್ಪಾ."

"ಇಷ್ಟು ವರ್ಷ ನೀವೂ ಸುಮ್ಮನಿದ್ರಲ್ಲ ಅತ್ತಿಗೆ."

ಅವಳು ಕೈ ಒರೆಸಿಕೊಂಡಳು. ಮೂಸಿದಳು. ಒಂದು ಗುಟುಕು ನುಂಗುತ್ತಲೇ ಮುಖ ತಾನಾಗಿ ಕಿವುಚಿಕೊಂಡಿತು.

"ಬರೀ ಕರಕಲು. ಮೊದಲು ಎಷ್ಟು ಚೆನ್ನಾಗಿ ಮಾಡ್ತಿದ್ದೆ."

"ಅಂಕ?"

ಅವಳು ಕಣ್ಣು ತಪ್ಪಿಸಲಿಲ್ಲ.

"ಎರಡು," ಎಂದು ಮೆಲ್ಲಗೆ ಹೇಳಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ಅವನ ಕೈಗೆ ಮರಳಿಸಿದಳು.