ಗಂಟಲಿನ ದಾರಿ

“ಗಂಟಲು ಇಲ್ಲಿದೆ, ಡಾಕ್ಟ್ರೇ,” ಎಂದು ಸೆಕೋಪೆ ಬೆರಳಿಟ್ಟು ತೋರಿಸಿದ. ದನಿ ಏಳದೆ ಹೊರಬಂದದ್ದು ಬರೀ ಗಾಳಿ. ಡಾಕ್ಟರ್ ಫಿಫಿತಾ ಮಾತ್ರ ಅವನ ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದೇ ನಿಂತಿದ್ದಳು. ತಾನು ಹಾಡಿಸುವ ಚರ್ಚಿನ ಮೇಳದಲ್ಲಿ ಶ್ರುತಿ ತಪ್ಪುತ್ತಾಳೆಂದು ಅವನು ಪ್ರತಿ ಭಾನುವಾರ ಬೈಯುತ್ತಿದ್ದದ್ದು ಈಕೆಯನ್ನೇ. ಇಲ್ಲೂ ಜಾಗ ತಪ್ಪಿದ್ದಾಳೆ ಎಂದುಕೊಂಡ.

“ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಉಬ್ಬಿದೆ. ನಿನ್ನ ದನಿಯ ನರವನ್ನ ಒತ್ತಿ ಹಿಡಿದಿದೆ. ನಾಳೆಯ ವಿಮಾನದಲ್ಲೇ ಆಕ್ಲೆಂಡಿಗೆ ಹೋಗ್ಬೇಕು. ಒಡೆದ್ರೆ ನನ್ನ ಕೈಲಿ ಏನೂ ಇಲ್ಲ.”

“ದನಿಯ ನರಕ್ಕೆ ಎದೆಯಲ್ಲೇನು ಕೆಲಸ?” ಎಂದು ಅವನು ಉಸುರಿದ್ದನ್ನು ಅವಳು ಬಾಗಿ, ತುಟಿ ನೋಡಿ ತಿಳಿದುಕೊಂಡಳು.

“ಕೆಲಸ ಏನೂ ಇಲ್ಲ. ದಿನಾ ಮೀನು ಕೊಯ್ತೀಯಲ್ಲ, ಅದಕ್ಕೆ ಕುತ್ತಿಗೆ ಎಲ್ಲಾದ್ರೂ ಕಂಡಿದ್ದೀಯಾ? ಕಿವಿರಿನ ಬುಡದಲ್ಲೇ ಹೃದಯ. ನರ ಅಲ್ಲೇ ನಾಳದ ಹಿಂದಿನಿಂದ ನೆಟ್ಟಗೆ ಕಿವಿರಿಗೆ ಹೋಗುತ್ತೆ. ನಾವೂ ಅದೇ ಮನೆತನ. ನಮಗೆ ಕುತ್ತಿಗೆ ಬೆಳೀತು, ಹೃದಯ ಕೆಳಗಿಳೀತು. ನಾಳಕ್ಕೆ ಸಿಕ್ಕಿಕೊಂಡ ನರವೂ ಇಳೀತು. ಈಗ ಅದು ಎದೆಗೆ ಹೋಗಿ, ನಾಳ ಬಳಸಿ, ತಿರುಗಿ ಗಂಟಲಿಗೆ ಹತ್ತುತ್ತೆ.”

“ದೇವರು ಬಿಚ್ಚಿ ನೆಟ್ಟಗೆ ಕಟ್ಟಬಾರದಿತ್ತಾ?”

“ನಡುಕಡಲಲ್ಲಿ ದೋಣಿ ಓಡ್ತಿರುವಾಗ ನೀನು ಹಾಯಿಯ ಹಗ್ಗ ಬಿಚ್ತೀಯಾ? ಒಂದೊಂದು ತಲೆಮಾರೂ ಬದುಕಿರಬೇಕಲ್ಲ, ಮಾರಾಯ.”

ಸೆಕೋಪೆಗೆ ಅರ್ಥವಾದಂತೆಯೂ ಆಯಿತು, ಆಗದಂತೆಯೂ ಆಯಿತು.

ವಿಮಾನ ಹತ್ತಲು ಡಾಕ್ಟರ ಚೀಟಿ ಸಾಲದು. ಲೋಸಲಿನಿ ಅತ್ತೆ ಹೂಂ ಅನ್ನಬೇಕು. ಅಪ್ಪನ ಅಕ್ಕ, ಆಕೆಯ ಮಾತು ಮೀರುವವರು ಆ ವಂಶದಲ್ಲಿ ಇನ್ನೂ ಹುಟ್ಟಿರಲಿಲ್ಲ. ಅತ್ತೆ ಬೆಳಗಿನಿಂದ ಸ್ಮಶಾನದಲ್ಲಿದ್ದಳು. ಸತ್ತವರ ಮೂಳೆಗೆ ಬೇರು ಹೊಕ್ಕರೆ ಬದುಕಿರುವವರಿಗೆ ಅದೇ ಜಾಗದಲ್ಲಿ ಕಾಯಿಲೆ ಎಂಬುದು ಲಿಫೂಕಾ ದ್ವೀಪದ ಮಕ್ಕಳಿಗೂ ಗೊತ್ತು. ಮೊಮ್ಮಗನ ಗಂಟಲು ಕಟ್ಟಿದೆಯೆಂದರೆ ಅಜ್ಜನ ಕುತ್ತಿಗೆಯಲ್ಲಿ ಬೇರಿದೆ. ಸೆಕೋಪೆ ಅಲ್ಲಿಗೆ ಹೋಗುವಷ್ಟರಲ್ಲಿ ಅವನ ತಮ್ಮ ಲಾತು ಅಜ್ಜನ ಗೋರಿಯ ಮರಳು ತೋಡಿ, ಕುತ್ತಿಗೆಯ ಮೂಳೆಗಳನ್ನು ಚಾಪೆಯ ಮೇಲೆ ಸಾಲಾಗಿಟ್ಟಿದ್ದ. ಅವಕ್ಕೆ ಹಚ್ಚಲು ಅತ್ತೆ ಕೊಬ್ಬರಿ ಎಣ್ಣೆ ಹಿಡಿದು ಕೂತಿದ್ದಳು.

“ಬೇರಿನ ಒಂದು ನಾರೂ ಇಲ್ಲ ಅತ್ತೆ. ನನ್ನ ಕುತ್ತಿಗೆಗಿಂತ ಚೊಕ್ಕಟವಾಗಿದೆ ಅಜ್ಜಂದು,” ಎಂದ ಲಾತು.

“ಸರಿಯಾಗಿ ನೋಡೋ, ಬಾಯಿಬಡುಕ! ಬೇರು ಕೀಳದೆ ಇವನನ್ನ ಎಲ್ಲಿಗೂ ಕಳಿಸಲ್ಲ ನಾನು.” ಗದರಿದಳೇನೋ ನಿಜ, ಆದರೆ ಅತ್ತೆಯ ಕಣ್ಣು ಆ ಮೂಳೆಗಳ ಮೇಲೆ ದಿಕ್ಕು ತಪ್ಪಿ ಓಡಾಡುತ್ತಿತ್ತು.

ಸೆಕೋಪೆ ವಿವರಿಸಲು ಹೊರಟ. ಮೀನು, ಕಿವಿರು, ಹಗ್ಗ ಎಲ್ಲವೂ ಗಾಳಿಯಾಗಿ ಹೋಯಿತು.

“ಏನಂತೆ? ಮೀನು ತಿನ್ಬೇಕಂತಾ?” ಎಂದ ಲಾತು.

ಅತ್ತೆಯ ಕೈಯನ್ನು ಹಾಗೆಲ್ಲ ಹಿಡಿಯಬಾರದು. ಸೆಕೋಪೆ ಹಿಡಿದ. ಎಣ್ಣೆಯಾಗಿದ್ದ ಆ ಅಂಗೈಯನ್ನು ತನ್ನ ಗಂಟಲ ಮೇಲಿಟ್ಟು, ಮೆಲ್ಲಗೆ ಎದೆಯ ಎಡಕ್ಕೆ ಇಳಿಸಿ, ತಿರುಗಿಸಿ, ಮತ್ತೆ ಗಂಟಲಿಗೆ ಹತ್ತಿಸಿದ. ಅತ್ತೆ ಬೈಯಲಿಲ್ಲ. ಅವಳ ಕೈ ತಾನಾಗಿಯೇ ಎದೆಗೆ ಇಳಿದು ಅಲ್ಲೇ ನಿಂತಿತು.

“ಇನ್ನೂ ಕೆಳಗೆ ತೋಡು, ಲಾತು. ಪಕ್ಕೆಲುಬಿನ ಹತ್ರ, ಎಡಗಡೆ. ಬೇಗ ಮಾಡೋ, ನಾಳೆ ಇವನು ಹೊರಡಬೇಕು.”

ಲಾತು ಸನಿಕೆ ಬದಿಗಿಟ್ಟು ಕೈಯಿಂದಲೇ ಮರಳು ಸರಿಸತೊಡಗಿದ. ಸೆಕೋಪೆಯ ಬಿಳಿ ಅಂಗಿಯ ಮೇಲೆ ಎಣ್ಣೆಯ ಗೆರೆಯೊಂದು ಕೊರಳಿಂದ ಇಳಿದು, ಬಳಸಿ, ಮತ್ತೆ ಕೊರಳಿಗೇ ಹೋಗಿತ್ತು.