ಯಂತ್ರ ಕೇಳಿದ ಓದು

ಮಕ್ಕಳ ಓದು ಕೇಳಿ ಅಂಕ ಕೊಡುವ ಟ್ಯಾಬ್ ಶಾಲೆಗೆ ಬೇಕೆಂದು ಹಟ ಹಿಡಿದವರು ಭಾಷಾ ಟೀಚರೇ. ಉಳಿದ ಭಾಷಾ ಶಿಕ್ಷಕರು ಅದರ ತಂಟೆಗೇ ಹೋಗಲಿಲ್ಲ. ವ್ಯಾಕರಣದ ಮೇಷ್ಟ್ರಂತೂ "ನನ್ ಕಿವಿ ಇನ್ನೂ ಗಟ್ಟಿಯಾಗಿದೆಯಮ್ಮ" ಎಂದು ನಕ್ಕುಬಿಟ್ಟರು. ದೇಹವೂ ದನಿಯೂ ದೊಡ್ಡದಾದ್ದರಿಂದ ಮಕ್ಕಳು ಅವರಿಗೆ ಇಟ್ಟ ಹೆಸರು ಮಹಾಪ್ರಾಣ. ಟೀಚರ್ ಮಾತ್ರ ರಜೆಯಲ್ಲೂ ಕೂತು ಅದನ್ನು ಬಳಸಲು ಕಲಿತರು. ತರಗತಿ ತುಂಬ ಮಕ್ಕಳು. ಒಬ್ಬೊಬ್ಬರ ಓದನ್ನೂ ಕೇಳಲು ತನಗೆಲ್ಲಿ ಬಿಡುವು, ಯಂತ್ರವಾದರೂ ಕೇಳಲಿ ಎಂಬುದು ಅವರ ಆಸೆ.

ಮೊದಮೊದಲು ಮಕ್ಕಳು ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು. ಆಮೇಲೆ ದರ್ಜಿಯ ಮಗಳ ಸರದಿ ಬಂತು. ಅವಳಿಗೆ ಉಗ್ಗು. ಟೀಚರ್ ಆತುರಪಡಿಸದೆ ಎದುರಿಗೆ ನಿಂತರೆ ತಡವರಿಸುತ್ತಲೇ ಪುಟ ಮುಗಿಸುತ್ತಿದ್ದಳು. ಟ್ಯಾಬ್‌ಗೆ ಆ ತಾಳ್ಮೆ ಇರಲಿಲ್ಲ. ಅವಳು 'ಪ' ಅಕ್ಷರಕ್ಕೆ ಸಿಕ್ಕಿಕೊಂಡ ಕೂಡಲೇ "ಮತ್ತೆ ಪ್ರಯತ್ನಿಸಿ" ಎಂದಿತು. ಇನ್ನೊಮ್ಮೆ ಎಂದಿತು. ತರಗತಿ ಗೊಳ್ಳೆಂದಿತು. ಪರದೆಯ ಮೇಲೆ ಸೊನ್ನೆ.

ಟೀಚರ್ ಹೆಡ್‌ಮೇಷ್ಟ್ರ ಕೋಣೆಗೆ ಓಡಿದರು. "ಸರ್, ಅವಳೊಬ್ಬಳ ಅಂಕ ನಾನೇ ಹಾಕ್ತೀನಿ."

"ಕೈಯಿಂದ ಹಾಕೋಕೆ ಅದು ಬಿಡಲ್ವಲ್ಲ ಮೇಡಂ, ಅಂಕ ನೇರವಾಗಿ ಮೇಲಿನ ಆಫೀಸಿಗೇ ಹೋಗುತ್ತೆ. ಬೇಕು ಬೇಕು ಅಂತ ತರಿಸಿದ್ದು ನೀವೇ ಅಲ್ವಾ?"

ಟೀಚರ್ ಟ್ಯಾಬ್ ಕಂಪನಿಗೆ ಫೋನ್ ಮಾಡಿದರು. "ಕಾಯೋ ಸಮಯ ಎಲ್ಲರಿಗೂ ಒಂದೇ ಮೇಡಂ, ಬದಲಾಯಿಸೋಕಾಗಲ್ಲ" ಎಂದಿತು ಅತ್ತಲಿನ ದನಿ, ಬಲು ವಿನಯದಿಂದ.

ಮರುದಿನ ದರ್ಜಿಯೇ ಬಂದ. ಅಳತೆ ಟೇಪು ಕೊರಳಲ್ಲೇ ಇತ್ತು.

"ಟೀಚರ್, ಮಗು ಮನೇಲೂ ಬಾಯಿ ಬಿಡ್ತಿಲ್ಲ. ಊಟ ಬೇಕು ಬೇಡ ಅನ್ನೋದಕ್ಕೂ ಕೈಸನ್ನೆ. ಏನಾಯ್ತು ಇಲ್ಲಿ?"

"ನಾನು ನೋಡ್ಕೋತೀನಿ, ಅಣ್ಣ" ಎಂದರು ಟೀಚರ್. ಏನು ನೋಡಿಕೊಳ್ಳುವುದೋ ಅವರಿಗೇ ಗೊತ್ತಿರಲಿಲ್ಲ.

ಮಹಾಪ್ರಾಣ ಮೇಷ್ಟ್ರು ಟೀಚರನ್ನು ಆಡಿಕೊಳ್ಳಲಿಲ್ಲ. "ನನ್ ಹತ್ರ ಕಳಿಸಿ, ಕೂತು ಕೇಳ್ತೀನಿ" ಎಂದರು, ಎಂದೂ ಇಲ್ಲದಷ್ಟು ಮೆಲ್ಲಗೆ. ಮಗು ಹೋಯಿತು, ಪುಸ್ತಕ ತೆರೆದು ಕೂತಿತು. ತುಟಿ ಬಿಚ್ಚಲಿಲ್ಲ.

ಮುಂದಿನ ಓದಿನ ದಿನ ಟೀಚರ್ ಟ್ಯಾಬ್ ಆಫ್ ಮಾಡಿ ಬೆಂಚಿನ ಮೇಲಿಟ್ಟು, ಅವಳ ಪಕ್ಕ ನೆಲಕ್ಕೆ ಮೊಣಕಾಲೂರಿದರು.

"ನಂಗೆ ಮಾತ್ರ ಓದು ಪುಟ್ಟಿ. ಎಷ್ಟು ಹೊತ್ತಾದ್ರೂ ಆಗ್ಲಿ, ನಾನಿಲ್ಲೇ ಇರ್ತೀನಿ."

ಅದು ಎಲ್ಲಿ ಮಾತಾಡಿಬಿಡುತ್ತದೋ ಎಂಬಂತೆ ಅವಳು ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಬೆಲ್ ಹೊಡೆಯಿತು. ಮಕ್ಕಳು ಚೀಲ ಏರಿಸಿಕೊಂಡು ಹೊರಟರು. ಅವಳೂ ಎದ್ದಳು. ಟ್ಯಾಬನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ ಟೀಚರಿಗೆ ಕೊಟ್ಟು, ಹೊರಗೆ ಹೋದಳು.