ಗುಬ್ಬಿಯ ಮಾವನಲ್ಲಿ ಏನು ಕೊರತೆ

ಕಚೇರಿಯ ಎರಡನೆಯ ಮಹಡಿಯ ಕೊನೆಯಲ್ಲಿ ಒಂದು ಸಣ್ಣ ಕೋಣೆಯಿತ್ತು. ಬಾಗಿಲ ಮೇಲೆ ‘ಸಮಾಲೋಚನೆ’ ಎಂದು ಬರೆದಿದ್ದರೂ ಅಲ್ಲಿ ಕೆಲಸ ಮಾಡುವವರು ಅದನ್ನು ಕರೆಯುತ್ತಿದ್ದದ್ದು ರಿಪೇರಿ ಕೋಣೆ ಎಂದು. ಅಪ್ಪ ಅಮ್ಮ ಜೊತೆಗಿಲ್ಲದೆ ಗಡಿ ದಾಟಿ ಬಂದ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆ ಅದು. ಒಂದೊಂದು ಮಗುವಿಗೂ ಒಬ್ಬ ಕೇಸ್ ಮ್ಯಾನೇಜರ್ ಇರುತ್ತಿದ್ದರು. ಮಗುವಿನ ಶಾಲೆ, ಡಾಕ್ಟರು, ಕೋರ್ಟು, ಎಲ್ಲೋ ಇರಬಹುದಾದ ನೆಂಟರ ಪತ್ತೆ, ಎಲ್ಲವೂ ಅವರ ತಲೆಯ ಮೇಲೆ. ಹಗಲೆಲ್ಲ ಅಂಥ ಮಕ್ಕಳ ಕಥೆ ಕೇಳಿ ಕೇಳಿ ಕೇಳುವವರ ತಲೆಯೇ ಕೆಡಬಾರದಲ್ಲ, ಅದಕ್ಕಾಗಿ ವಾರಕ್ಕೊಮ್ಮೆ ಅವರು ರಿಪೇರಿ ಕೋಣೆಗೆ ಹೋಗಿ ಮೇಲ್ವಿಚಾರಕಿಯ ಎದುರು ಒಂದು ಗಂಟೆ ಕೂರಬೇಕಿತ್ತು.

ಮೇಲ್ವಿಚಾರಕಿ ಎಂದ ತಕ್ಷಣ ಹಾಜರಿ ನೋಡಿ ಗದರುವವರೆಂದು ತಿಳಿಯಬೇಕಾಗಿಲ್ಲ. ಈಕೆ ಮನಃಶಾಸ್ತ್ರ ಓದಿದವರು, ತಲೆ ಅರ್ಧ ನರೆತ ಹೆಂಗಸು. ಎದುರಿಗೆ ಕೂತವರು ಏನೇ ಹೇಳಿದರೂ ಮೊದಲು ‘ಹೂಂ’ ಅನ್ನುತ್ತಿದ್ದರಿಂದ ಎಲ್ಲರಿಗೂ ಅವರು ಹೂಂ ಮೇಡಂ. ಆ ಹೂಂಗಳಲ್ಲಿಯೂ ಬಗೆಗಳಿದ್ದವು. ಎಳೆದು ಅಂದರೆ ‘ಮುಂದೆ ಹೇಳಿ’ ಎಂದರ್ಥ. ಮೊಟಕಾಗಿ ಅಂದರೆ ‘ಇದನ್ನ ನೀವೇ ನಂಬ್ತಿಲ್ಲ ಅಲ್ವಾ’ ಎಂದರ್ಥ. ಮೂಗಿನಲ್ಲಿ ಅಂದರೆ ಅವರಿಗೆ ನಗು ಬಂದಿದೆ ಎಂದರ್ಥ.

ಮೂಗಿನ ಹೂಂ ಅತಿ ಹೆಚ್ಚು ಸಿಗುತ್ತಿದ್ದದ್ದು ಎಲ್ಲರೂ ‘ಗಡಿಬಿಡಿ’ ಎಂದು ಕರೆಯುತ್ತಿದ್ದವಳಿಗೆ. ಕೇಸ್ ಮ್ಯಾನೇಜರುಗಳಲ್ಲಿ ಆಕೆಯಷ್ಟು ಓಡಾಡುವವರೂ ಇರಲಿಲ್ಲ, ಆಕೆಯಷ್ಟು ಮಾತಾಡುವವರೂ ಇರಲಿಲ್ಲ. ಕೊರಳಿನ ಗುರುತುಚೀಟಿಯ ಪಟ್ಟಿ ಬ್ಯಾಗಿನ ಪಟ್ಟಿಗೆ ಸುತ್ತಿಕೊಂಡು, ಒಂದನ್ನು ಬಿಚ್ಚಲು ಹೋಗಿ ಇನ್ನೊಂದರಲ್ಲಿ ಸಿಕ್ಕಿಬಿದ್ದು, ಅಷ್ಟರಲ್ಲಿ ಎರಡು ಮಕ್ಕಳ ಶಾಲೆಯ ಕಥೆ ಹೇಳಿ ಮುಗಿಸಿ, ಆಮೇಲೆ ಕುರ್ಚಿ ಎಳೆದುಕೊಳ್ಳುತ್ತಿದ್ದಳು.

ಆ ವಾರ ಅವಳು ಕೂತವಳೇ ಶುರುಮಾಡಿದಳು. “ಮೇಡಂ, ಗುಬ್ಬಿನ ಆ ಮಾವನ ಜೊತೆ ಕಳಿಸೋಕೆ ಆಗಲ್ಲ. ನಾನು ಶಿಫಾರಸು ಬರೆಯಲ್ಲ.”

ಗುಬ್ಬಿ ಎಂದರೆ ಹನ್ನೊಂದು ವರ್ಷದ ಒಂದು ಹುಡುಗಿ. ಅಮ್ಮ ತೀರಿಹೋಗಿದ್ದಳು, ಅಪ್ಪ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಗುರುತಿಲ್ಲದ ಜನರ ಗುಂಪಿನ ಜೊತೆ ಗಡಿ ದಾಟಿ ಬಂದಿದ್ದಳು. ಅವಳ ಭಾಷೆ ಇಲ್ಲಿಯವರಿಗೆ ಅರ್ಥವಾಗುವಂಥದ್ದೇ, ಆದರೆ ಮಕ್ಕಳ ವಸತಿಗೃಹಕ್ಕೆ ಬಂದ ಮೇಲೆ ಅವಳು ವಾರಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಗಡಿಬಿಡಿ ದಿನವೂ ಹೋಗಿ ಪಕ್ಕದಲ್ಲಿ ಕೂತು, ಉತ್ತರಕ್ಕೆ ಕಾಯದೆ, ತನ್ನ ಅತ್ತೆಯ ಗೊರಕೆಯ ಬಗ್ಗೆ, ಆ ಗೊರಕೆಗೆ ಹೆದರಿ ಮಾಳಿಗೆ ಬಿಟ್ಟು ಓಡಿದ ಬೆಕ್ಕಿನ ಬಗ್ಗೆ ಹೇಳುತ್ತಿದ್ದಳು. ಒಂದು ದಿನ ಕಥೆ ಅರ್ಧದಲ್ಲಿರುವಾಗ ಫೋನ್ ಬಂದು ಅವಳು ಎದ್ದಾಗ, ಹಿಂದಿನಿಂದ ಸಣ್ಣ ದನಿ ಕೇಳಿತು. “ಆಮೇಲೆ ಬೆಕ್ಕು ವಾಪಸ್ ಬಂತಾ?” ಅಂದಿನಿಂದ ಗಡಿಬಿಡಿ ಅವಳಿಗೆ ‘ಚಿಕ್ಕಮ್ಮ’ ಆದಳು.

ತಿಂಗಳುಗಳ ಹುಡುಕಾಟದ ನಂತರ ಗುಬ್ಬಿಯ ತಾಯಿಯ ತಮ್ಮ ಈ ಕಚೇರಿಯಿದ್ದ ಊರಿನಲ್ಲೇ ಸಿಕ್ಕಿದ್ದ. ಮನೆಗಳಿಗೆ ಬಣ್ಣ ಬಳಿಯುವ ಕೆಲಸ, ಮದುವೆಯಾಗಿರಲಿಲ್ಲ. ಪೊಲೀಸ್ ವಿಚಾರಣೆ ಮುಗಿದಿತ್ತು, ರಕ್ತಸಂಬಂಧದ ಪರೀಕ್ಷೆ ಮುಗಿದಿತ್ತು, ಅಕ್ಕಪಕ್ಕದವರೂ ಒಳ್ಳೆಯ ಮಾತನ್ನೇ ಆಡಿದ್ದರು. ಉಳಿದದ್ದು ಗಡಿಬಿಡಿಯ ಶಿಫಾರಸೊಂದೇ.

“ಹೂಂ,” ಎಂದರು ಮೇಡಂ, ಎಳೆದು. “ಏನಾಯ್ತು?”

“ಒಂದೇ ರೂಮು, ಮೇಡಂ. ಅಡುಗೆಮನೆ ಅಂದ್ರೆ ಒಬ್ಬರು ತಿರುಗಿದ್ರೆ ಇನ್ನೊಬ್ಬರು ಹೊರಗೆ ಹೋಗ್ಬೇಕು.”

“ರೂಮಿಗೆ ನಡುವೆ ಗೋಡೆ ಹಾಕಿಸ್ತಾನೆ ಅಂತ ಹೋದ ವಾರ ನೀವೇ ಹೇಳಿದ್ರಿ.”

“ಹಾಕಿಸಿದಾನೆ. ಹಲಗೆದು. ಬಾಗಿಲೂ ಇದೆ, ಒಳಗಡೆಯಿಂದ ಚಿಲಕಾನೂ ಇದೆ. ಆದರೆ ಬಣ್ಣ ನೋಡ್ಬೇಕು ನೀವು. ಬಣ್ಣ ಹೊಡೆಯೋನ ಮನೇಲಿ ಎಂಥಾ ಬಣ್ಣ ಅಂದ್ರೆ, ಬೇರೆಯವರ ಮನೇಲಿ ಮಿಕ್ಕಿದ್ದನ್ನೆಲ್ಲ ಬಳಿದಿದಾನೆ. ಒಂದು ಗೋಡೆ ಹಳದಿ, ಒಂದು ಹಸಿರು.”

“ಬಣ್ಣ ಸರಿಯಿಲ್ಲ. ಆಮೇಲೆ?”

“ಮಾತೇ ಆಡಲ್ಲ. ಮಗು ಬಗ್ಗೆ ಏನಾದ್ರೂ ಕೇಳಿದ್ರೆ ನೆಲ ನೋಡ್ತಾನೆ. ಕಿವಿ ಹಿಂದೆ ಬಣ್ಣ ಒಣಗಿರುತ್ತೆ, ತೊಳ್ಕೊಂಡು ಬರೋದು ಬೇಡ್ವಾ? ಅನ್ನ ಮುದ್ದೆಯಾಗಿರುತ್ತೆ.”

“ಅಡುಗೆ ರುಚಿ ನೋಡಿದ್ರಾ?”

“ಪಾತ್ರೆ ಮುಚ್ಚಳ ತೆಗೆದು ನೋಡಿದೆ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಅಲ್ಲಮ್ಮಾ, ನೀವು ಹೋಗಿದ್ದು ಮನೆ ತನಿಖೆಗಾ, ಬೀಗರ ಮನೇಲಿ ಕೊಂಕು ತೆಗೆಯೋಕಾ?”

ಗಡಿಬಿಡಿ ನಗಲಿಲ್ಲ. ಮೇಡಂ ದನಿಯನ್ನು ಸ್ವಲ್ಪ ತಗ್ಗಿಸಿದರು. “ನೋಡಿ, ಮಗುವಿಗೆ ಅಪಾಯ ಇದೆ ಅನ್ನೋ ಒಂದು ಕಾರಣ ಕೊಡಿ, ನಾನೇ ಇದನ್ನ ನಿಲ್ಲಿಸ್ತೀನಿ. ಯಾರ ಹತ್ತಿರ ಬೇಕಾದ್ರೂ ಜಗಳಕ್ಕೆ ನಿಲ್ತೀನಿ. ಅಂಥದ್ದೇನಾದ್ರೂ ಕಂಡಿದ್ಯಾ?”

“ಅಂಥದ್ದೇನೂ ಇಲ್ಲ,” ಎಂದಳು ಗಡಿಬಿಡಿ. “ಆದ್ರೂ ಸಮಾಧಾನ ಆಗ್ತಿಲ್ಲ.”

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನ್ ಗುಂಯ್‌ಗುಟ್ಟುತ್ತ ಜಾರತೊಡಗಿತು. ಪರದೆಯ ಮೇಲೆ ‘ಗುಬ್ಬಿ ಹಾಸ್ಟೆಲ್’ ಎಂದಿತ್ತು. ಗಡಿಬಿಡಿ ಅದನ್ನು ಬೋರಲು ಹಾಕಿದಳು. ಮೇಡಂ ನೋಡಿಯಾಗಿತ್ತು.

“ಇದು ಆಫೀಸಿನ ಫೋನಲ್ಲ.”

“ಅಲ್ಲ.”

“ಮಕ್ಕಳಿಗೆ ಸ್ವಂತ ನಂಬರ್ ಕೊಡಬಾರದು ಅನ್ನೋ ನಿಯಮವನ್ನ ಹೊಸಬರಿಗೆ ಪಾಠ ಮಾಡೋರು ಯಾರು?”

“ನಾನೇ,” ಎಂದಳು ಗಡಿಬಿಡಿ. ನಂತರ ಎಲ್ಲವೂ ಹೊರಗೆ ಬಂತು. ಗುಬ್ಬಿ ದಿನವೂ ಸಂಜೆ ಫೋನ್ ಮಾಡುತ್ತಿದ್ದಳು. ಗಡಿಬಿಡಿ ಸ್ನಾನಕ್ಕೆ ಹೋಗಿದ್ದರೆ ಅತ್ತೆ ಎತ್ತಿಕೊಳ್ಳುತ್ತಿದ್ದರು. ಈಗೀಗ ಗುಬ್ಬಿ ನೇರವಾಗಿ ಅತ್ತೆಯನ್ನೇ ಕೇಳುತ್ತಿದ್ದಳು. ಇಬ್ಬರೂ ಸೇರಿ ಗಡಿಬಿಡಿಯ ಬಗ್ಗೆ ಏನೇನೋ ಮಾತಾಡಿಕೊಂಡು ನಗುತ್ತಿದ್ದರು. “ಅತ್ತೆ ನನ್ನ ಜೊತೆ ಹತ್ತು ವರ್ಷದಲ್ಲಿ ಅಷ್ಟು ನಕ್ಕಿಲ್ಲ ಮೇಡಂ,” ಎಂದು ಅವಳು ಅದರಲ್ಲೂ ಒಂದು ದೂರು ಸೇರಿಸಿದಳು.

ಮೇಡಂ ಮೂಗಿನಲ್ಲಿ ಹೂಂ ಅಂದರು. ಆಮೇಲೆ ಕೇಳಿದರು. “ಒಂದು ಮಾತು ಕೇಳ್ತೀನಿ, ತಕ್ಷಣ ಉತ್ತರ ಕೊಡಬೇಡಿ. ನಿಮಗೆ ಭಯ ಇರೋದು ಮಾವ ಸರಿಯಿಲ್ಲ ಅಂತಲಾ, ಅಥವಾ ಸರಿಯಾಗೇ ಇದಾನೆ ಅಂತಲಾ?”

ತಕ್ಷಣ ಉತ್ತರ ಕೊಡದಿರುವುದು ಗಡಿಬಿಡಿಗೆ ಅಭ್ಯಾಸವಿಲ್ಲದ ಕೆಲಸ. ಗುರುತುಚೀಟಿಯ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಣ್ಣು ತುಂಬಿಕೊಂಡಿತು.

“ಹೋದ್ರೆ ಅವಳು ಮತ್ತೆ ಮಾತು ನಿಲ್ಲಿಸಿಬಿಟ್ರೆ?” ಎಂದಳು ಕೊನೆಗೆ. “ಅಲ್ಲಿ ಯಾರಿದಾರೆ ಅವಳನ್ನ ಮಾತಾಡ್ಸೋಕೆ? ಅವನಂತೂ ಮೂಕಬಸವ.”

“ನೀವಿದ್ದಾಗ ಮೂಕಬಸವ,” ಎಂದರು ಮೇಡಂ. “ನೀವಿದ್ದಾಗ ನಾನೂ ಸ್ವಲ್ಪ ಹಾಗೇ.”

ಗಡಿಬಿಡಿಗೆ ಅಳುವಿನ ನಡುವೆ ನಗು ಬಂತು. “ಬೈತಿದೀರಾ?”

“ಇಲ್ಲ. ಆ ಹುಡುಗಿ ಬಾಯಿ ತೆರೆದದ್ದೇ ನಿಮ್ಮ ಮಾತಿನಿಂದ. ಬೇರೆ ಯಾರಿಂದಲೂ ಅದು ಆಗ್ತಿರಲಿಲ್ಲ. ಈಗ ಒಂದು ಕೆಲಸ ಮಾಡಿ. ಗುಬ್ಬಿನ ಕರ್ಕೊಂಡು ಅವನ ಮನೆಗೆ ಹೋಗಿ. ಒಂದು ಮೂಲೇಲಿ ಕೂತ್ಕೊಳ್ಳಿ. ಅವರಾಗಿ ಕೇಳೋವರೆಗೂ ನೀವು ಮಾತಾಡೋ ಹಾಗಿಲ್ಲ.”

“ಒಂದು ಮಾತೂ?”

“ಪಾತ್ರೆ ಮುಚ್ಚಳಾನೂ ತೆಗೆಯೋ ಹಾಗಿಲ್ಲ.”

ಎದ್ದು ಹೊರಟ ಗಡಿಬಿಡಿ ಬಾಗಿಲ ಹತ್ತಿರ ತಿರುಗಿ ನಿಂತಳು. “ಮೇಡಂ, ನನ್ನ ಹತ್ರ ಅಷ್ಟೊಂದು ಕೇಸ್ ಇವೆ. ಆದ್ರೆ ಪ್ರತಿ ವಾರ ನೀವು ಮೊದಲು ಕೇಳೋದು ಗುಬ್ಬಿ ವಿಷಯಾನೇ. ಅದು ಯಾಕೆ?”

ಮೇಡಂ ಕೈಯಲ್ಲಿದ್ದ ಕನ್ನಡಕವನ್ನು ಹಾಕಿಕೊಂಡರು. “ನನ್ನನ್ನ ರಿಪೇರಿ ಮಾಡೋರೂ ಒಬ್ಬರಿದಾರೆ. ಅವರ ಹತ್ತಿರ ಹೇಳ್ಕೋತೀನಿ,” ಎಂದರು.

ಫೋನಿನ ವಿಷಯ ಅದೇ ದಿನ ಸರಿಹೋಯಿತು. ಇನ್ನು ಮೇಲೆ ಆಫೀಸಿನ ನಂಬರಿಗೆ ಮಾಡಬೇಕು ಎಂದು ಗಡಿಬಿಡಿ ಕೂರಿಸಿ ವಿವರಿಸಿದಾಗ ಗುಬ್ಬಿ ಗಂಭೀರವಾಗಿ ಕೇಳಿ, “ಸರಿ. ಅಜ್ಜಿಗೆ ನೀನೇ ಹೇಳು, ಪಾಪ, ಬೇಜಾರು ಮಾಡ್ಕೋತಾರೆ,” ಎಂದಳು. ಅವಳ ಅಜ್ಜಿ, ಅಂದರೆ ಗಡಿಬಿಡಿಯ ಅತ್ತೆ, ನಿಜಕ್ಕೂ ಬೇಜಾರು ಮಾಡಿಕೊಂಡು ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟರು.

ಶನಿವಾರ ಬೆಳಿಗ್ಗೆ ಇಬ್ಬರೂ ಮಾವನ ಮನೆಗೆ ಹೋದರು. ಮೊದಲು ಆಫೀಸಿನಲ್ಲಿ ಭೇಟಿಯಾಗಿದ್ದಾಗಲೆಲ್ಲ ಮಾವ ಮತ್ತು ಗುಬ್ಬಿಯ ನಡುವೆ ಗಡಿಬಿಡಿಯ ಕುರ್ಚಿ ಇರುತ್ತಿತ್ತು. ಈಗ ಅವಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ತುಟಿ ಬಿಗಿದುಕೊಂಡಳು. ಮಾವನಿಗೆ ಗಾಬರಿಯಾಯಿತು. “ಹುಷಾರಿಲ್ವಾ?” ಎಂದು ಕೇಳಿದ. ಅವಳು ಏನೂ ಇಲ್ಲ ಎಂಬಂತೆ ತಲೆಯಾಡಿಸಿದಳು.

ಮಾವ ನೆಲ ನೋಡಿದ. ಗುಬ್ಬಿ ಗೋಡೆ ನೋಡಿದಳು. ಗಡಿಬಿಡಿಯ ನಾಲಿಗೆಯ ತುದಿಗೆ ಬಂದ ಪ್ರಶ್ನೆಗಳನ್ನೆಲ್ಲ ಅವಳು ಕಹಿ ಮಾತ್ರೆಯಂತೆ ನುಂಗಿದಳು. ಬೀದಿಯಲ್ಲಿ ಹಳೇ ಸಾಮಾನಿನವನ ಕೂಗು ಬಂದು ಹೋಯಿತು. ಈಗಲಾದರೂ ಒಂದು ಮಾತಾಡಿಬಿಡುತ್ತೇನೆ ಎಂದು ಅವಳು ನಿರ್ಧರಿಸುವ ಹೊತ್ತಿಗೆ ಗುಬ್ಬಿ ಬಾಯಿ ಬಿಟ್ಟಳು.

“ಈ ಹಸಿರು ಚೆನ್ನಾಗಿಲ್ಲ.”

ಮಾವ ತಲೆಯೆತ್ತಿ ಗೋಡೆಯನ್ನು ನೋಡಿದ. “ಆಸ್ಪತ್ರೆಯದು,” ಎಂದ. “ಮಿಕ್ಕಿತ್ತು.”

“ಅಮ್ಮ ಹೇಳ್ತಿದ್ಲು. ನಿನಗೆ ಬಣ್ಣನೇ ಗೊತ್ತಾಗಲ್ಲ, ಚಿಕ್ಕೋನಿದ್ದಾಗ ಎಮ್ಮೇನ ನೀಲಿ ಅಂತಿದ್ದೆ ಅಂತ.”

“ಅಕ್ಕ ಅದನ್ನೂ ಹೇಳಿದಾಳಾ?” ಮಾವನ ಮುಖ ಕೆಂಪಾಯಿತು. “ಅದು ನೀಲೀನೇ ಇತ್ತು. ಸಂಜೆ ಹೊತ್ತಲ್ಲಿ ನೋಡಿದ್ರೆ ಗೊತ್ತಾಗುತ್ತೆ. ಅವಳು ಯಾವತ್ತೂ ಸಂಜೆ ಹೊತ್ತು ನೋಡಲಿಲ್ಲ.”

“ಸುಳ್ಳು.”

“ಆಣೆ ಮಾಡಿ ಹೇಳ್ತೀನಿ. ಇನ್ನೇನೇನು ಹೇಳಿದಾಳೆ ಅವಳು?”

ಅಷ್ಟೇ ಬೇಕಾಗಿದ್ದದ್ದು. ಗುಬ್ಬಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಒಂದೊಂದಾಗಿ ಹೇಳತೊಡಗಿದಳು. ಅವನು ಕೆಲವನ್ನು ಒಪ್ಪಿಕೊಂಡ, ಕೆಲವಕ್ಕೆ ವಾದಕ್ಕೆ ನಿಂತ. ಒಮ್ಮೆ ಮಾತ್ರ, ಅಕ್ಕ ಕೊನೆಯ ದಿನಗಳಲ್ಲಿ ತನ್ನ ಹೆಸರು ಹೇಳಿದ್ದಳೇ ಎಂದು ಕೇಳಿದಾಗ, ಅವನು ಮತ್ತೆ ನೆಲ ನೋಡಿದ. ಗುಬ್ಬಿ, “ಹೇಳಿದ್ಲು. ಅವನ ಹತ್ತಿರ ಹೋಗು, ಆದರೆ ಅಡುಗೆ ನೀನೇ ಕಲಿ ಅಂದಿದ್ಲು,” ಎಂದಳು. ಅವನು ಅಳುತ್ತಲೇ ನಕ್ಕ. ಮೂಲೆಯಲ್ಲಿ ಕೂತವಳ ಕಡೆ ಇಬ್ಬರೂ ನೋಡಲಿಲ್ಲ. ಅವಳಿದ್ದದ್ದೇ ಅವರಿಗೆ ಮರೆತಂತಿತ್ತು.

ಗಡಿಬಿಡಿಗೆ ಎದೆಯಲ್ಲಿ ಚುಳ್ ಎಂದಿತು. ಜೊತೆಗೆ, ಬಹಳ ದಿನದಿಂದ ಹೊತ್ತಿದ್ದ ಚೀಲವನ್ನು ಯಾರೋ ಕೈಯಿಂದ ಇಳಿಸಿಕೊಂಡಂತೆ ಹಗುರವೂ ಆಯಿತು. ಮುದ್ದೆ ಅನ್ನವನ್ನು ಅಂದು ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಶಿಫಾರಸು ಸೋಮವಾರ ಹೋಯಿತು. ರಿಪೇರಿ ಕೋಣೆಯಲ್ಲಿ ಆ ವಾರ ಅವಳು ಬಹಳ ಹೊತ್ತು ಅತ್ತಳು. ಮಗುವನ್ನು ಕಳಿಸುವುದು ಈ ಕೆಲಸದ ಸೋಲಲ್ಲ, ಇದೇ ಕೆಲಸ, ಎಂದು ಮೇಡಂ ಹೇಳಬಹುದಿತ್ತು. ಹೇಳಲಿಲ್ಲ. ಗಡಿಬಿಡಿಗೆ ಅದು ಗೊತ್ತಿತ್ತು. ಅವರು ತಮ್ಮ ಕರವಸ್ತ್ರ ಕೊಟ್ಟರು, ಅದೂ ಒದ್ದೆಯಾದ ಮೇಲೆ ಮೇಜಿನ ಖಾನೆಯಿಂದ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನೇ ತೆಗೆದು ಮುಂದಿಟ್ಟರು.

“ಇದು ಮೊದಲೇ ಇತ್ತಾ?” ಎಂದಳು ಗಡಿಬಿಡಿ.

“ನಿಮ್ಮ ಲೆಕ್ಕದಲ್ಲೇ ತರಿಸಿದ್ದು.”

ಮಗುವನ್ನು ಕಳಿಸಿದ ಮೇಲೂ ಕೆಲವು ತಿಂಗಳು ಮನೆಗೆ ಹೋಗಿ ನೋಡಿಬರಬೇಕೆಂಬ ನಿಯಮವಿತ್ತು. ಹೇಳದೆ ಹೋಗಬೇಕೆಂಬುದೂ ಅದರಲ್ಲಿ ಸೇರಿತ್ತು. ಅಂಥ ಒಂದು ಭಾನುವಾರ ಗಡಿಬಿಡಿ ಮಾವನ ಮನೆಯ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಸರಪಳಿಗೆ ತಾಗಿ ನಿಂತಿತು. ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು.

“ಯಾರು?”

“ನಾನು ಕಣೇ, ಚಿಕ್ಕಮ್ಮ.”

“ಮಾವ ಸ್ನಾನಕ್ಕೆ ಹೋಗಿದಾನೆ. ಅವನು ಬರೋವರೆಗೂ ಯಾರನ್ನೂ ಒಳಗೆ ಬಿಡೋ ಹಾಗಿಲ್ಲ.”

“ನನ್ನ ಗುರುತಿದೆ ತಾನೇ ನಿನಗೆ?”

“ಇದೆ. ಆದರೂ ಬಿಡೋ ಹಾಗಿಲ್ಲ.” ಕಣ್ಣು ಸ್ವಲ್ಪ ಯೋಚಿಸಿತು. “ಅವನು ಬೇಗ ಬರಲ್ಲ. ಕಿವಿ ಹಿಂದೆ ಉಜ್ಜಿಕೊಂಡು ಬಾ ಅಂತ ಕಳಿಸಿದೀನಿ. ಕಾಲು ನೋಯುತ್ತಾ ನಿಂಗೆ?”

“ನೋಯುತ್ತೆ.”

“ಹಾಗಾದ್ರೆ ಮೆಟ್ಟಿಲ ಮೇಲೆ ಕೂತಿರು.”

ಬಾಗಿಲು ಮುಚ್ಚಿತು. ಗಡಿಬಿಡಿ ಮೆಟ್ಟಿಲ ಮೇಲೆ ಕೂತಳು. ಒಳಗಿನಿಂದ ಗುಬ್ಬಿ ಯಾರಿಗೋ ಗದರುವುದು, ನೀರು ಸುರಿಯುವ ಸದ್ದಿನ ನಡುವೆ ಗಂಡಸಿನ ದನಿಯೊಂದು ಏನೋ ನೆಪ ಹೇಳುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ನಾಲ್ಕು ಬೆರಳು ತೆರೆದುಕೊಂಡಿತು. ಸರಪಳಿಯ ಕೆಳಗಿನಿಂದ ಒಂದು ಕೈ ಹೊರಬಂದು ಬಿಸ್ಕತ್ತು ನೀಡಿತು.

“ಕಾಯ್ತಾ ಇರು, ತಿನ್ನು,” ಎಂದಿತು ಒಳಗಿನ ದನಿ. “ಪುಡಿ ಬೀಳಿಸಬೇಡ, ಮೆಟ್ಟಿಲು ಗುಡಿಸೋಳು ನಾನು.”

ಗಡಿಬಿಡಿ ಬಿಸ್ಕತ್ತಿನ ಕೆಳಗೆ ಅಂಗೈ ಒಡ್ಡಿಕೊಂಡು ಹುಷಾರಾಗಿ ತಿಂದಳು.